ಕಶಾಂಗ ವಿಚಾರ

ಹಿಂಗಾರು ಮಳೆ ಹೊಯ್ದು ನಿಂತು, ನೊಯ್ಯಲು ನದಿಯ ಹೊಸ ನೀರು ಕಾಲುವೆಗಳಲ್ಲಿ ಇಳಿದುಬಂದು, ಕೆಸರೆಲ್ಲ ತಳಕ್ಕೆ ಕುಳಿತು, ಕೆರೆಯ ಅಂಚು ಎಳೆಯ ಬಾಳೆಲೆಯ ಬಣ್ಣಕ್ಕೆ ತಿರುಗುವ ಕಾರ್ತಿಕಮಾಸದ ಒಂದು ಬೆಳಗ್ಗೆ, ಕೊಯಮತ್ತೂರಿನ ಪೂರ್ವಕ್ಕಿರುವ ಸಿಂಗಾನಲ್ಲೂರು ಕೆರೆಯಿಂದ ಒಂದು ಸೀಸೆ ನೀರನ್ನು ತುಂಬಿ ತಂದು, ಅದರ ಒಂದೇ ಹನಿಯನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು ನೋಡಿದವನಿಗೆ ಮೊದಲು ಗೋಚರಿಸುವುದು ಆಕಾರಗಳಲ್ಲ, ಸಂಚಾರ. ಕದಿರಿನ ಆಕೃತಿಯ ಹಸುರು ಯೂಗ್ಲೀನ ತನ್ನ ಅಕ್ಷದ ಸುತ್ತ ಹೊರಳುತ್ತ ಮುಂದೆ ಸಾಗುತ್ತದೆ. ಕಡಲೆಯಂತೆ ಗುಂಡಗಿರುವ ಕ್ಲಾಮಿಡೊಮೋನಾಸ್ ಎರಡು ತೋಳು ಬೀಸಿ ಈಜುವ ಹುಡುಗನಂತೆ ತುಸು ಮುಂದೆ ತುಸು ಹಿಂದೆ ಜೀಕುತ್ತ ಬೆಳಕಿನತ್ತ ಹೋಗುತ್ತದೆ. ಬರಿಗಣ್ಣಿಗೂ ಸಾಸಿವೆಗಿಂತ ಕಿರಿದಾದ ಚುಕ್ಕೆಯಾಗಿ ತೋರುವ ವಾಲ್ವಾಕ್ಸ್ ಎಂಬ ಹಸುರು ಗೋಳ, ತನ್ನ ಮರಿಗೋಳಗಳನ್ನು ಒಡಲಲ್ಲಿ ಹೊತ್ತು, ಗಂಭೀರವಾಗಿ ಉರುಳುತ್ತದೆ. ಇವುಗಳ ನಡುನಡುವೆ, ಧೂಳಿನ ಕಣಗಳೋ ಎಂಬಂತೆ, ಬ್ಯಾಕ್ಟೀರಿಯಗಳು ನೇರವಾಗಿ ಧಾವಿಸಿ, ತಟ್ಟನೆ ತಡವರಿಸಿ, ದಿಕ್ಕು ಬದಲಿಸಿ, ಮತ್ತೆ ಧಾವಿಸುತ್ತವೆ. ಕೈಕಾಲುಗಳಿಲ್ಲದ, ರೆಕ್ಕೆಗಳಿಲ್ಲದ, ಸ್ನಾಯುವೆಂಬುದೇ ಇಲ್ಲದ ಈ ಪ್ರಾಣಕಣಗಳಿಗೆ ಇಂತಹ ಗತಿಯನ್ನು ಕೊಟ್ಟಿರುವುದು ಅವುಗಳ ಮೈಯಿಂದ ಹೊರಚಾಚಿರುವ, ಕೂದಲಿಗಿಂತಲೂ ಎಷ್ಟೋ ಪಾಲು ಸಪುರವಾದ ಎಳೆಗಳು.

ಈ ಎಳೆಗೆ ನಮ್ಮ ಪಠ್ಯಪುಸ್ತಕಗಳು ಕೊಟ್ಟಿರುವ ಹೆಸರು ಕಶಾಂಗ. ಸಂಸ್ಕೃತದಲ್ಲಿ ಕಶಾ ಎಂದರೆ ಚಾವಟಿ. ಲ್ಯಾಟಿನ್ನಿನ ಫ್ಲಾಜೆಲ್ಲಮ್ ಎಂಬ ಶಬ್ದಕ್ಕೂ ಅದೇ ಅರ್ಥ. ಇದೇ ಬಗೆಯದಾಗಿ, ಗಿಡ್ಡವಾಗಿ, ಒತ್ತೊತ್ತಾಗಿ ಬೆಳೆದಿರುವುದಕ್ಕೆ ಲೋಮಾಂಗವೆಂದು ಹೆಸರು. ಶಬ್ದ ಸುಂದರವಾಗಿದೆ, ಅರ್ಥ ಸ್ಪಷ್ಟವಾಗಿದೆ. ಆದರೆ ಮೂವತ್ತು ವರ್ಷಗಳ ಕಾಲ ಈ ಸೀಮೆಯ ಮಕ್ಕಳಿಗೆ ಜೀವಶಾಸ್ತ್ರವನ್ನು ಹೇಳಿದ ನನಗೆ ಬರಬರುತ್ತ ದೃಢವಾದ ಅಭಿಪ್ರಾಯವೇನೆಂದರೆ, ಈ ಒಂದು ಹೆಸರಿನ ಮರೆಯಲ್ಲಿ ಪರಸ್ಪರ ಯಾವ ವಂಶಸಂಬಂಧವೂ ಇಲ್ಲದ ಮೂರು ಯಂತ್ರಗಳು ಅಡಗಿ ಕುಳಿತಿವೆ, ಮತ್ತು ಅವುಗಳನ್ನು ಬಿಡಿಸಿ ನೋಡದ ಹೊರತು ಕಶಾಂಗದ ರಚನೆಯಾಗಲಿ ಕಾರ್ಯವಾಗಲಿ ನಮಗೆ ಸರಿಯಾಗಿ ಮನದಟ್ಟಾಗದು.

ಮೊದಲು, ಇದನ್ನು ಮನುಷ್ಯನು ಕಂಡ ಬಗೆಯನ್ನು ಹೇಳಬೇಕು. 1670ರ ದಶಕದಲ್ಲಿ ಹಾಲೆಂಡಿನ ಡೆಲ್ಫ್ಟ್ ನಗರದಲ್ಲಿ ನೀರಿನ ಹನಿಯೊಳಗಿನ ಜೀವಿಗಳನ್ನು ಮೊಟ್ಟಮೊದಲು ನೋಡಿ ವರ್ಣಿಸಿದ ಲೇವನ್‌ಹುಕ್ ವೃತ್ತಿಯಿಂದ ಜವಳಿ ವ್ಯಾಪಾರಿ; ಬಟ್ಟೆಯ ಎಳೆಗಳನ್ನು ಪರೀಕ್ಷಿಸುವ ಮಸೂರವೇ ಅವನನ್ನು ಈ ಲೋಕದ ಬಾಗಿಲಿಗೆ ಕರೆದೊಯ್ದಿತೆಂದು ಹೇಳುವುದುಂಟು. ಹೆಣಿಗೆಯ ಬಟ್ಟೆಯ ಮೇಲೆ ಪುಟ್ಟ ಮಸೂರವನ್ನಿಟ್ಟು ಎಳೆ ಎಣಿಸುವ ತಿರುಪ್ಪೂರಿನ ವರ್ತಕರನ್ನು ನೋಡಿದಾಗಲೆಲ್ಲ ನನಗೆ ಅವನ ನೆನಪು ಬರುತ್ತದೆ. ವೀರ್ಯಾಣುವಿನ ಬಾಲವನ್ನು ಅವನು 1677ರಲ್ಲಿ ಕಂಡನು. ವಾಲ್ವಾಕ್ಸ್ ಗೋಳವನ್ನು 1700ರಲ್ಲಿ ವರ್ಣಿಸಿದನು. ಆದರೆ ಬ್ಯಾಕ್ಟೀರಿಯದ ಕಶಾಂಗ ಅಷ್ಟು ಸುಲಭವಾಗಿ ಕಣ್ಣಿಗೆ ಸಿಕ್ಕತಕ್ಕದ್ದಲ್ಲ. ಅದರ ದಪ್ಪ ಸುಮಾರು 20 ನ್ಯಾನೊಮೀಟರ್. ಬೆಳಕಿನ ಸೂಕ್ಷ್ಮದರ್ಶಕ ಬಿಡಿಸಿ ತೋರಿಸಬಲ್ಲ ಕನಿಷ್ಠ ಅಂತರ 200 ನ್ಯಾನೊಮೀಟರ್. ಹತ್ತುಪಟ್ಟು ಸಪುರವಾದುದನ್ನು ನೋಡುವುದೆಂತು?

ಇದಕ್ಕೆ ಉತ್ತರ ದೊರೆತದ್ದು ಬಣ್ಣಗಾರರ ವಿದ್ಯೆಯಿಂದ. ಹತ್ತಿಯ ನೂಲಿಗೆ ಬಣ್ಣ ಗಟ್ಟಿಯಾಗಿ ಕಚ್ಚಬೇಕಾದರೆ ಅದನ್ನು ಮೊದಲು ಅಳಲೆಕಾಯಿಯ ಕಷಾಯದಲ್ಲಿ ನೆನೆಸಬೇಕೆಂಬುದು ನಮ್ಮ ಹಳೆಯ ಬಣ್ಣಗಾರರಿಗೆ ತಿಳಿದಿದ್ದ ವಿಷಯ. ಆ ಕಾಯಿಯ ಒಗರಿನಲ್ಲಿರುವ ಟ್ಯಾನಿನ್ ನೂಲಿಗೂ ಬಣ್ಣಕ್ಕೂ ನಡುವೆ ಬೆಸುಗೆಯಾಗುತ್ತದೆ. ಜರ್ಮನಿಯ ಫ್ರೀಡ್ರಿಕ್ ಲೋಫ್ಲರ್ 1889ರಲ್ಲಿ ಇದೇ ಉಪಾಯವನ್ನು ಬ್ಯಾಕ್ಟೀರಿಯಕ್ಕೆ ಹೂಡಿದನು. ಟ್ಯಾನಿಕ್ ಆಮ್ಲವನ್ನೂ ಕಬ್ಬಿಣದ ಲವಣವನ್ನೂ ಕೂಡಿಸಿದ ಕಷಾಯ ಕಶಾಂಗದ ಮೇಲೆ ಪದರಪದರವಾಗಿ ಕುಳಿತು ಅದನ್ನು ದಪ್ಪಗಾಗಿಸುತ್ತದೆ. ಅನಂತರ ಫ್ಯೂಕ್ಸಿನ್ ಎಂಬ ಕೆಂಪು ಬಣ್ಣ ಆ ಪದರವನ್ನು ಹಿಡಿಯುತ್ತದೆ. ನಾನು ಇದನ್ನು ಕಾಲೇಜಿನ ಪ್ರಯೋಗಶಾಲೆಯಲ್ಲಿ ಎಷ್ಟೋ ಬಾರಿ ಮಾಡಿದ್ದೇನೆ. ಗಾಜಿನ ಪಟ್ಟಿಯ ಮೇಲೆ ಬೆರಳಿನ ಜಿಡ್ಡು ಲವಲೇಶವೂ ಇರಕೂಡದು. ಆದಕಾರಣ ಅದನ್ನು ದೀಪದ ಜ್ವಾಲೆಯಲ್ಲಿ ಹಾಯಿಸಬೇಕು. ಹನಿಯನ್ನು ಕಡ್ಡಿಯಿಂದ ತಿಕ್ಕಕೂಡದು, ತಿಕ್ಕಿದರೆ ಎಳೆಗಳು ಮುರಿದುಹೋಗುತ್ತವೆ. ಪಟ್ಟಿಯನ್ನು ಓರೆಯಾಗಿ ಹಿಡಿದು ಹನಿ ತಾನಾಗಿ ಹರಿದು ಒಣಗಲು ಬಿಡಬೇಕು. ಕಷಾಯವನ್ನೆರೆದು, ಆವಿ ಏಳುವಷ್ಟು ಬಿಸಿ ಮಾಡಿ, ಕುದಿಯುವ ಮುನ್ನ ಇಳಿಸಬೇಕು. ಹತ್ತು ಪಟ್ಟಿಗಳಲ್ಲಿ ಏಳೆಂಟು ಕೆಡುವುದೇ ಹೆಚ್ಚು. ಕೆಡದೆ ಉಳಿದ ಒಂದರಲ್ಲಿ, ಗುಲಾಬಿ ಬಣ್ಣದ ದಂಡಾಕಾರದ ದೇಹವೊಂದರಿಂದ ಹೊರಟು ಅಲೆಯಲೆಯಾಗಿ ಬಳುಕಿನಿಂತ ಕೆಂಪು ಎಳೆಗಳನ್ನು ಕಂಡಾಗ ವಿದ್ಯಾರ್ಥಿಗಳ ಬಾಯಿಂದ ಹೊರಡುವ ಉದ್ಗಾರವನ್ನು ಕೇಳುವುದಕ್ಕಾಗಿಯೇ ನಾನು ಅಷ್ಟು ವರ್ಷ ಪಾಠ ಹೇಳಿದೆನೆಂದರೂ ಸಲ್ಲುತ್ತದೆ.

ಬಣ್ಣದ ಮಾತು ಬಂದುದರಿಂದ ಒಂದು ವಿಷಯವನ್ನು ಇಲ್ಲಿಯೇ ಹೇಳಿಬಿಡುವುದು ಉಚಿತ. ನೊಯ್ಯಲು ನದಿಗೆ ಅಡ್ಡಲಾಗಿ 1992ರಲ್ಲಿ ಕಟ್ಟಿದ ಒರತ್ತುಪಾಳೆಯಂ ಅಣೆಕಟ್ಟು, ಬೇಸಾಯಕ್ಕೆ ನೀರುಣಿಸಲೆಂದು ಹುಟ್ಟಿ, ತಿರುಪ್ಪೂರಿನ ಬಣ್ಣದ ಕಾರ್ಖಾನೆಗಳ ಉಪ್ಪುನೀರಿನ ತೊಟ್ಟಿಯಾಗಿ ಮಾರ್ಪಟ್ಟ ಕಥೆ ಈ ಸೀಮೆಯ ರೈತರೆಲ್ಲರಿಗೂ ಗೊತ್ತು. 2011ರ ಜನವರಿಯಲ್ಲಿ ಮದರಾಸಿನ ಉಚ್ಚ ನ್ಯಾಯಾಲಯ ಬಣ್ಣದ ಘಟಕಗಳನ್ನು ಮುಚ್ಚಿಸಿದ ಮೇಲೆಯೇ, ಒಂದು ಹನಿಯೂ ಹೊರಗೆ ಹೋಗದಂತೆ ಸಂಸ್ಕರಿಸಬೇಕೆಂಬ ನಿಯಮ ಬಿಗಿಯಾಯಿತು. ಇಂತಹ ಸಂಸ್ಕರಣೆಗಾಗಿ ಜೀವಾಣುಗಳಿಂದ ಕೊಳೆಯನ್ನು ತಿನ್ನಿಸಿ ನೀರನ್ನು ಶುದ್ಧಗೊಳಿಸುವ ತೊಟ್ಟಿಗಳಲ್ಲಿ ಕೆಲಸಮಾಡುವ ಅನುಭವಿಗಳು ಕೆಸರಿನ ಒಂದು ಹನಿಯನ್ನು ನೋಡಿಯೇ ತೊಟ್ಟಿಯ ಆರೋಗ್ಯವನ್ನು ಹೇಳಬಲ್ಲರು: ಹೊಸ ಕೆಸರಿನಲ್ಲಿ ಕಶಾಂಗಿಗಳೇ ತುಂಬಿರುತ್ತವೆ, ಕೆಸರು ಪಕ್ವವಾದಂತೆ ಲೋಮಾಂಗಿಗಳು ಬರುತ್ತವೆ, ಕೊನೆಯಲ್ಲಿ ತೊಟ್ಟಿನ ಮೇಲೆ ಅರಳಿದ ಗಂಟೆಯಂತಿರುವ ವಾರ್ಟಿಸೆಲ್ಲ ಕಾಣಿಸಿಕೊಂಡರೆ ನೀರು ತಿಳಿಯಾಗುತ್ತಿದೆಯೆಂದು ಅರ್ಥ. ಈ ಮೂರೂ ಬಾಳುವುದು ಎಳೆಗಳ ಬಲದಿಂದಲೇ. ಮೊದಲನೆಯದು ಎಳೆ ಬೀಸಿ ಈಜುತ್ತದೆ, ಕೊನೆಯದು ನಿಂತಲ್ಲಿಯೇ ನಿಂತು ಎಳೆಗಳಿಂದ ಸುಳಿಯೆಬ್ಬಿಸಿ ಬ್ಯಾಕ್ಟೀರಿಯಗಳನ್ನು ಬಾಯಿಗೆ ಸೆಳೆಯುತ್ತದೆ.

ಯಂತ್ರಗಳ ವಿಚಾರಕ್ಕೆ ಹೋಗುವ ಮುನ್ನ ಆ ಯಂತ್ರಗಳು ಕೆಲಸಮಾಡುವ ನೀರಿನ ಸ್ವಭಾವವನ್ನು ಅರಿಯಬೇಕು, ಏಕೆಂದರೆ ನಮಗೂ ಮೀನಿಗೂ ಪರಿಚಿತವಾದ ನೀರು ಅದಲ್ಲ. ದೋಣಿಯ ಹುಟ್ಟನ್ನು ನಿಲ್ಲಿಸಿದರೂ ದೋಣಿ ಸ್ವಲ್ಪ ದೂರ ಸಾಗುತ್ತದೆ. ಬ್ಯಾಕ್ಟೀರಿಯ ತನ್ನ ಎಳೆಯನ್ನು ನಿಲ್ಲಿಸಿದರೆ ಒಂದು ಪರಮಾಣುವಿನ ಅಗಲಕ್ಕಿಂತಲೂ ಕಡಮೆ ದೂರದಲ್ಲಿ ನಿಂತುಬಿಡುತ್ತದೆ. ಎಡ್ವರ್ಡ್ ಪರ್ಸೆಲ್ ಎಂಬ ಭೌತವಿಜ್ಞಾನಿ 1977ರಲ್ಲಿ ಪ್ರಕಟಿಸಿದ ಒಂದು ಪ್ರಬಂಧದಲ್ಲಿ ಇದನ್ನು ಮನಮುಟ್ಟುವಂತೆ ವಿವರಿಸಿದನು. ಅಷ್ಟು ಕಿರಿದಾದ ದೇಹಕ್ಕೆ ನೀರಿನ ಜಿಗುಟೇ ಸರ್ವಸ್ವ, ಜಡತ್ವ ಲೆಕ್ಕಕ್ಕಿಲ್ಲ. ಆಲೆಮನೆಯ ಕೊಪ್ಪರಿಗೆಯಲ್ಲಿ ಪಾಕ ಗಟ್ಟಿಯಾಗುವ ಹೊತ್ತಿನಲ್ಲಿ ಸೌಟು ಆಡಿಸಿದವರಿಗೆ ಇದರ ಸುಳಿವು ಸಿಕ್ಕೀತು. ಸೌಟು ಬಿಟ್ಟಲ್ಲಿಯೇ ನಿಲ್ಲುತ್ತದೆ. ಇಂತಹ ದ್ರವದಲ್ಲಿ ಹುಟ್ಟನ್ನು ಮುಂದಕ್ಕೂ ಹಿಂದಕ್ಕೂ ಒಂದೇ ರೀತಿ ಆಡಿಸಿದರೆ, ಹೋದಷ್ಟೇ ಹಿಂದಕ್ಕೆ ಬಂದು, ಜೀವಿ ಇದ್ದಲ್ಲಿಯೇ ಇರುತ್ತದೆ. ವೇಗವಾಗಿ ಹೋಗಿ ನಿಧಾನವಾಗಿ ಬಂದರೂ ಫಲ ಅದೇ. ಆದ್ದರಿಂದ ಈ ಲೋಕದಲ್ಲಿ ಈಜಲು ಎರಡೇ ದಾರಿಗಳು ಮುಖ್ಯವಾದವು: ಒಂದು, ತಿರುಪಿನಂತೆ ಸುರುಳಿ ತಿರುಗುತ್ತ ಕೊರೆದುಕೊಂಡು ಹೋಗುವುದು, ಇನ್ನೊಂದು, ಬಾಗುವ ಎಳೆಯನ್ನು ಹೋಗುವಾಗ ಒಂದು ಆಕಾರದಲ್ಲೂ ಬರುವಾಗ ಇನ್ನೊಂದು ಆಕಾರದಲ್ಲೂ ಬೀಸುವುದು, ಇಲ್ಲವೆ ಅದರ ಉದ್ದಕ್ಕೂ ಅಲೆಯನ್ನು ಹಾಯಿಸುವುದು. ಬ್ಯಾಕ್ಟೀರಿಯ ಮೊದಲನೆಯದನ್ನು ಹಿಡಿಯಿತು. ನಮ್ಮ ಕೋಶಗಳ ಪೂರ್ವಜರು ಎರಡನೆಯದನ್ನು.

ಕೊಯಮತ್ತೂರು ಮೋಟಾರುಗಳ ಊರು. ಜಿ. ಡಿ. ನಾಯುಡು ಮತ್ತು ಡಿ. ಬಾಲಸುಂದರಂ ನಾಯುಡು ಅವರು ಭಾರತದಲ್ಲಿಯೇ ತಯಾರಾದ ವಿದ್ಯುತ್ ಮೋಟಾರನ್ನು 1937ರಲ್ಲಿ ಇಲ್ಲಿ ಹೊರತಂದ ದಿನದಿಂದ ಇಂದಿನವರೆಗೆ, ಪಂಪುಸೆಟ್ಟಿನ ಎರಕ, ತಂತಿ ಸುತ್ತುವಿಕೆ, ಬೇರಿಂಗು, ಷಾಫ್ಟು ಇವೆಲ್ಲ ಗಣಪತಿ, ಪೀಳಮೇಡುಗಳ ಬೀದಿಗಳಲ್ಲಿ ದಿನಬಳಕೆಯ ಮಾತು. ದೇವಾಂಗ ಕುಲದ ನಮ್ಮಂಥ ಕೆಲವು ಮನೆಗಳಲ್ಲಿ, ಅಜ್ಜಂದಿರ ಕಾಲದಲ್ಲಿ ಮಗ್ಗ ಹೂಡಿದ ಕೈಗಳು ಮೊಮ್ಮಕ್ಕಳ ಕಾಲಕ್ಕೆ ಮೋಟಾರಿಗೆ ತಂತಿ ಸುತ್ತತೊಡಗಿವೆ. ಮನೆಮಾತು ಮಾತ್ರ ಇಂದಿಗೂ ಕನ್ನಡವೇ. ಅಂತಹ ಒಬ್ಬ ಸೋದರಳಿಯನಿಗೆ ನಾನು ಬ್ಯಾಕ್ಟೀರಿಯದ ಕಶಾಂಗದ ಬುಡದ ಚಿತ್ರವನ್ನು ತೋರಿಸಿ, ಇದು ಕೋಶಭಿತ್ತಿಯಲ್ಲಿ ಕೂತ ಮೋಟಾರು, ಇಗೋ ನಿಂತಿರುವ ಸ್ಥಾಣು, ಇಗೋ ತಿರುಗುವ ಭ್ರಮಕ, ಇಗೋ ದಂಡ ಎಂದು ಬೆರಳಿಟ್ಟು ಹೇಳಿದೆ. ಅವನು ಬಹಳ ಹೊತ್ತು ನೋಡಿ, "ಬೇರಿಂಗು ಎಲ್ಲಿದೆ ಮಾಮಾ? ಬೇರಿಂಗಿಲ್ಲದೆ ಷಾಫ್ಟು ನಿಲ್ಲೋದು ಹೇಗೆ?" ಎಂದು ಕೇಳಿದ.

ಪ್ರಶ್ನೆ ಬಲು ಸಮರ್ಪಕವಾದುದು. ತಿರುಗುವ ದಂಡ ಹೊರಪೊರೆಯನ್ನು ದಾಟುವಲ್ಲಿ ಎರಡು ಉಂಗುರಗಳಿವೆ, ಒಂದೊಂದೂ 26 ಪ್ರೋಟೀನು ಘಟಕಗಳಿಂದ ಆದದ್ದು, ಒಳಮೈ ನುಣುಪು. ದಂಡವೂ ಉಂಗುರವೂ ಒಂದಕ್ಕೊಂದು ಅಂಟಿಕೊಳ್ಳದಂತೆ ವಿದ್ಯುದಂಶಗಳ ವಿಕರ್ಷಣೆಯೂ ನೆರವಾಗುತ್ತದೆಂದು ಇತ್ತೀಚಿನ ರಚನಾಧ್ಯಯನಗಳು ತೋರಿಸಿವೆ. ಇದೇ ಅವನು ಕೇಳಿದ ಬೇರಿಂಗು, ಎಣ್ಣೆಯಿಲ್ಲದ ಬೇರಿಂಗು. ಉಳಿದ ಭಾಗಗಳನ್ನು ಅವನಿಗೆ ಹೇಳಿದ ಕ್ರಮದಲ್ಲಿಯೇ ಇಲ್ಲಿಯೂ ಹೇಳುತ್ತೇನೆ. ಮೋಟಾರಿನ ಅಡ್ಡಳತೆ ಸುಮಾರು 45 ನ್ಯಾನೊಮೀಟರ್. ಅದಕ್ಕೆ ಬೇಕಾದ ಶಕ್ತಿ ತಂತಿಯಿಂದ ಬರುವ ವಿದ್ಯುತ್ತಲ್ಲ. ಕೋಶಪೊರೆಯ ಹೊರಗಿನಿಂದ ಒಳಗೆ ನುಗ್ಗುವ ಪ್ರೋಟಾನುಗಳ ಪ್ರವಾಹ, ಕೆಲವು ಸಾಗರವಾಸಿಗಳಲ್ಲಿ ಸೋಡಿಯಂ ಅಯಾನುಗಳ ಪ್ರವಾಹ. ಸ್ಥಾಣುವಿನ ಒಂದೊಂದು ಘಟಕದಲ್ಲೂ ಎರಡು ಪ್ರೋಟೀನುಗಳ ನಡುಗಂಬವನ್ನು ಐದು ಪ್ರೋಟೀನುಗಳು ಸುತ್ತುವರಿದಿರುತ್ತವೆಂದು 2020ರಲ್ಲಿ ತಿಳಿದುಬಂತು. ಪ್ರೋಟಾನು ಹಾಯ್ದಂತೆ ಈ ಐದರ ಸುತ್ತು ತಾನೇ ಹಲ್ಲುಚಕ್ರದಂತೆ ತಿರುಗಿ ಭ್ರಮಕವನ್ನು ತಿರುಗಿಸುತ್ತದೆ ಎಂಬುದು ಆ ರಚನೆಯಿಂದ ಹೊರಡುವ ಅನುಮಾನ. ಭ್ರಮಕಕ್ಕೆ ದಂಡ, ದಂಡಕ್ಕೆ ಎತ್ತ ಬೇಕಾದರೂ ಬಾಗಿ ತಿರುಗಬಲ್ಲ ಸುಮಾರು 55 ನ್ಯಾನೊಮೀಟರ್ ಉದ್ದದ ಕೊಕ್ಕೆ, ಕೊಕ್ಕೆಗೆ ಕೆಲವು ಮೈಕ್ರೊಮೀಟರ್ ಉದ್ದದ ಸುರುಳಿ ತಂತು. ಬಾವಿಯ ಪಂಪಿನ ಫಲಕದಲ್ಲಿ ನಿಮಿಷಕ್ಕೆ 2,880 ಸುತ್ತು ಎಂದು ಬರೆದಿರುತ್ತದಷ್ಟೆ; ನಮ್ಮ ಕರುಳಿನ ಈ. ಕೊಲೈ ಬ್ಯಾಕ್ಟೀರಿಯದ ಮೋಟಾರು, ಹೊರೆ ಕಡಮೆಯಿರುವಾಗ, ಸೆಕೆಂಡಿಗೆ 300 ಸುತ್ತಿನಷ್ಟು, ಎಂದರೆ ನಿಮಿಷಕ್ಕೆ 18,000 ಸುತ್ತಿನಷ್ಟು ತಿರುಗುತ್ತದೆ. ಸೋಡಿಯಂ ಬಲದಿಂದ ಓಡುವ ಒಂದು ಸಮುದ್ರದ ವಿಬ್ರಿಯೊದಲ್ಲಿ ಜಪಾನಿನ ವಿಜ್ಞಾನಿಗಳು 1994ರಲ್ಲಿ ಅಳೆದದ್ದು ಸೆಕೆಂಡಿಗೆ 1,700 ಸುತ್ತು.

ಇದು ನಿಜವಾಗಿಯೂ ತಿರುಗುತ್ತದೆಯೆಂಬುದನ್ನು ಲೋಕ ನಂಬಿದ್ದು ಬಹಳ ತಡವಾಗಿ. ಜೀವಿಯಲ್ಲಿ ಚಕ್ರವಿರಲಾರದು, ಎಳೆ ಬಳುಕುತ್ತಿರಬೇಕು ಎಂಬುದೇ ಸಾಮಾನ್ಯ ಭಾವನೆಯಾಗಿತ್ತು. 1973ರಲ್ಲಿ ಹೋವರ್ಡ್ ಬರ್ಗ್ ಮತ್ತು ರಾಬರ್ಟ್ ಆಂಡರ್ಸನ್ ಅದು ತಿರುಗುವುದೆಂದು ವಾದಿಸಿದರು. ಮರುವರ್ಷ ಸಿಲ್ವರ್‌ಮನ್ ಮತ್ತು ಸೈಮನ್ ಬ್ಯಾಕ್ಟೀರಿಯದ ಕೊಕ್ಕೆಯನ್ನು ಗಾಜಿಗೆ ಅಂಟಿಸಿ ನೋಡಿದಾಗ, ರೆಕ್ಕೆಯನ್ನು ಕಟ್ಟಿಹಾಕಿದ ಫ್ಯಾನಿನ ಒಡಲೇ ಗಿರಗಿರನೆ ಸುತ್ತುವಂತೆ, ಬ್ಯಾಕ್ಟೀರಿಯದ ದೇಹವೇ ಸುತ್ತತೊಡಗಿತು. ಅಲ್ಲಿಗೆ ಚಾವಟಿಯೆಂಬ ಉಪಮೆ, ಬ್ಯಾಕ್ಟೀರಿಯದ ಮಟ್ಟಿಗೆ, ಸತ್ತುಹೋಯಿತು.

ಈ ಯಂತ್ರ ತನ್ನನ್ನು ತಾನೇ ಕಟ್ಟಿಕೊಳ್ಳುವ ರೀತಿ ನನಗೆ ಅದರ ವೇಗಕ್ಕಿಂತ ಹೆಚ್ಚು ಆಶ್ಚರ್ಯಕರವಾಗಿ ತೋರುತ್ತದೆ. ಕೂದಲು ಬುಡದಿಂದ ಬೆಳೆಯುತ್ತದೆ. ಈ ತಂತು ತುದಿಯಿಂದ ಬೆಳೆಯುತ್ತದೆ. ಅದರ ನಡುವೆ 2 ನ್ಯಾನೊಮೀಟರ್ ಅಗಲದ ರಂಧ್ರವೊಂದು ಉದ್ದಕ್ಕೂ ಹಾಯ್ದಿದೆ. ಕೋಶದೊಳಗೆ ತಯಾರಾದ ಫ್ಲಾಜೆಲಿನ್ ಎಂಬ ಪ್ರೋಟೀನು, ಮಡಿಕೆ ಬಿಚ್ಚಿ, ದಾರದಂತೆ ಆ ರಂಧ್ರದಲ್ಲಿ ಹಾಯ್ದು, ತುದಿಯಲ್ಲಿರುವ ಐದು ಘಟಕಗಳ ಮುಚ್ಚಳದ ಕೆಳಗೆ ತನ್ನ ಸ್ಥಾನವನ್ನು ಹಿಡಿದು ಮತ್ತೆ ಮಡಚಿಕೊಳ್ಳುತ್ತದೆ. ಹೀಗೆ ಸುಮಾರು 20,000 ಘಟಕಗಳು ಒಂದೊಂದಾಗಿ ಜೋಡಣೆಗೊಂಡರೆ ಒಂದು ತಂತು.

ಮೋಟಾರು ಎರಡೂ ಕಡೆಗೆ ತಿರುಗಬಲ್ಲದು. ದಿಕ್ಕು ಹುಡುಕುವ ವಿದ್ಯೆಯೆಲ್ಲ ಇದರಲ್ಲಿಯೇ ಇದೆ. ಅಪ್ರದಕ್ಷಿಣವಾಗಿ ತಿರುಗಿದಾಗ ಈ. ಕೊಲೈಯ ನಾಲ್ಕಾರು ತಂತುಗಳು ಒಂದು ಜಡೆಯಾಗಿ ಹೆಣೆದುಕೊಂಡು ಅದನ್ನು ಸುಮಾರು ಒಂದು ಸೆಕೆಂಡು ನೇರವಾಗಿ ತಳ್ಳುತ್ತವೆ. ಪ್ರದಕ್ಷಿಣವಾಗಿ ತಿರುಗಿದ ಕೂಡಲೆ ಜಡೆ ಬಿಚ್ಚಿ, ದೇಹ ತಡವರಿಸಿ, ಯಾವುದೋ ಒಂದು ಹೊಸ ದಿಕ್ಕಿಗೆ ಮುಖಮಾಡುತ್ತದೆ. ಆಹಾರದ ಅಂಶ ಹೆಚ್ಚುತ್ತಿರುವ ಕಡೆಗೆ ಹೋಗುತ್ತಿದ್ದರೆ ಧಾವನ ದೀರ್ಘವಾಗುತ್ತದೆ, ತಡವರಿಕೆ ತಡವಾಗುತ್ತದೆ. ಅಷ್ಟರಿಂದಲೇ, ಕಣ್ಣಿಲ್ಲದ ಜೀವಿ ಅನ್ನದ ಬಳಿ ಸೇರುತ್ತದೆ. ಕೊಯಮತ್ತೂರಿನ ಕೃಷಿ ವಿಶ್ವವಿದ್ಯಾನಿಲಯ ರೈತರಲ್ಲಿ ಪ್ರಚುರಪಡಿಸಿದ ಅಜೋಸ್ಪೈರಿಲ್ಲಮ್ ಗೊಬ್ಬರದ ಪೊಟ್ಟಣವನ್ನು ಅನ್ನದ ಗಂಜಿಯಲ್ಲಿ ಕಲಸಿ ಬೀಜಕ್ಕೆ ಸವರುವಾಗ, ನಾವು ಇಂತಹ ಕೋಟ್ಯಂತರ ಈಜುಗಾರರನ್ನೇ ಬೀಜಕ್ಕೆ ಹಚ್ಚುತ್ತಿದ್ದೇವೆ. ಈ ಬ್ಯಾಕ್ಟೀರಿಯದ ಕೌಶಲ ವಿಶೇಷವಾದುದು: ನೀರಿನಲ್ಲಿ ಈಜಲು ಅದಕ್ಕೆ ತುದಿಯಲ್ಲಿ ಒಂದೇ ಕಶಾಂಗ ಸಾಕು, ಒದ್ದೆಯಾದ ಘನ ಮೇಲ್ಮೈಗೆ ಬಂದರೆ ಪಕ್ಕಗಳಲ್ಲಿ ಬೇರೆ ಜಾತಿಯ ಅನೇಕ ಕಶಾಂಗಗಳನ್ನು ಬೆಳೆಸಿಕೊಂಡು ಗುಂಪಾಗಿ ಸರಿಯುತ್ತದೆ. ಬೇರು ಸ್ರವಿಸುವ ಆಮ್ಲಗಳ, ಸಕ್ಕರೆಗಳ ಜಾಡು ಹಿಡಿದು ಬೇರಿಗೆ ಬಂದ ಮೇಲೆ, ತುದಿಯ ಕಶಾಂಗವೇ ಬೇರಿಗೆ ಮೊದಲು ಅಂಟಿಕೊಳ್ಳುವ ಕೈಯೂ ಆಗುತ್ತದೆ.

ಹೀಗಿದ್ದರೂ ಕಶಾಂಗ ಇದ್ದಷ್ಟೂ ಒಳ್ಳೆಯದೆಂದು ತಿಳಿಯಬಾರದು. ಅದನ್ನು ಕಟ್ಟಲು ಖರ್ಚಿದೆ, ಹೊತ್ತು ತಿರುಗಲು ಅಪಾಯವಿದೆ. ನಮ್ಮ ಕೋಶಗಳೂ ಗಿಡಗಳ ಕೋಶಗಳೂ ಫ್ಲಾಜೆಲಿನ್ನಿನ ವಾಸನೆ ಹತ್ತಿದ ಕೂಡಲೆ ಶತ್ರು ಬಂದನೆಂದು ಎಚ್ಚರಗೊಳ್ಳುತ್ತವೆ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಪ್ಲೇಗು ಕೊಯಮತ್ತೂರಿನಲ್ಲಿ ಮನೆಮನೆಯನ್ನೂ ಬರಿದುಮಾಡಿದ ನೆನಪಾಗಿ ಇಲ್ಲಿ ಇಂದಿಗೂ ಪ್ಲೇಗ್ ಮಾರಿಯಮ್ಮನ ಗುಡಿಗಳಿವೆ. ಆ ಮಾರಿಯ ಬ್ಯಾಕ್ಟೀರಿಯಕ್ಕೆ ಕಶಾಂಗವೇ ಇಲ್ಲ. ಅದರ ಹತ್ತಿರದ ಪೂರ್ವಜನಿಗೆ ಇತ್ತು. ಪ್ಲೇಗಿನ ಬ್ಯಾಕ್ಟೀರಿಯದಲ್ಲಿ ಕಶಾಂಗದ ಕೆಲಸವನ್ನು ಆರಂಭಿಸುವ ಮುಖ್ಯ ಜೀನು ಕೆಟ್ಟಿದೆ. ಇಲಿಯ ಚಿಗಟವೇ ವಾಹನವಾಗಿ ಸಿಕ್ಕಮೇಲೆ ಈಜುವ ಅಗತ್ಯ ಎಲ್ಲಿಯದು?

ಇನ್ನು ಎರಡನೆಯ ಯಂತ್ರ, ನಿಜವಾದ ಕಶಾ. ಯೂಗ್ಲೀನ, ಕ್ಲಾಮಿಡೊಮೋನಾಸ್, ವೀರ್ಯಾಣು, ನಮ್ಮ ಶ್ವಾಸನಾಳದ ಒಳಮೈ, ಇವುಗಳಲ್ಲಿರುವುದು ಇದು. ಬ್ಯಾಕ್ಟೀರಿಯದ ತಂತುವಿಗಿಂತ ಇದು ಹತ್ತುಪಟ್ಟಿಗೂ ಹೆಚ್ಚು ದಪ್ಪ, ಸುಮಾರು 250 ನ್ಯಾನೊಮೀಟರ್. ಕೋಶದ ಪೊರೆಯೇ ಇದರ ಮೇಲೆ ತೊಡಿಸಿದ ಗವಸು. ಒಳಗೆ ಸುತ್ತಲೂ ಒಂಬತ್ತು ಜೋಡಿ ಸೂಕ್ಷ್ಮನಾಳಿಕೆಗಳು, ನಡುವೆ ಎರಡು ಬಿಡಿನಾಳಿಕೆಗಳು. ಈ ಒಂಬತ್ತರ ಮೇಲೆ ಎರಡು ಎಂಬ ವಿನ್ಯಾಸವನ್ನು ಇಂಗ್ಲೆಂಡಿನ ಐರೀನ್ ಮ್ಯಾಂಟನ್ ಮತ್ತು ಕ್ಲಾರ್ಕ್ 1952ರಲ್ಲಿ ಜೌಗುಪಾಚಿಯೊಂದರ ಗಂಡುಕೋಶದಲ್ಲಿ ಸ್ಫುಟವಾಗಿ ತೋರಿಸಿದರು. ಅದೇ ವಿನ್ಯಾಸ ಶೈವಲದಿಂದ ಮನುಷ್ಯನವರೆಗೆ ಎಲ್ಲೆಡೆಯೂ ಕಾಣಬಂದಾಗ, ಸಮಸ್ತ ಜೀವವಂಶದ ಒಂದು ದೊಡ್ಡ ಶಾಖೆಗೆ ಇದು ಕುಲಚಿಹ್ನೆಯೆಂಬುದು ನಿಶ್ಚಿತವಾಯಿತು. ಇಲ್ಲಿ ಮೋಟಾರು ಬುಡದಲ್ಲಿಲ್ಲ. ಎಳೆಯ ಉದ್ದಕ್ಕೂ ಡೈನೀನ್ ಎಂಬ ಪ್ರೋಟೀನಿನ ಪುಟ್ಟ ತೋಳುಗಳು ಸಾಲಾಗಿ ನಿಂತಿವೆ. 1960ರ ದಶಕದಲ್ಲಿ ಇಯನ್ ಗಿಬ್ಬನ್ಸ್ ಇವನ್ನು ಬೇರ್ಪಡಿಸಿ ಹೆಸರಿಟ್ಟನು. ಒಂದು ಜೋಡಿನಾಳಿಕೆಯ ತೋಳುಗಳು ಪಕ್ಕದ ಜೋಡಿಯನ್ನು ಹಿಡಿದು ಜಗ್ಗುತ್ತವೆ. ಜೋಡಿಗಳು ಒಂದರ ಪಕ್ಕದಲ್ಲೊಂದು ಜಾರಲು ಹವಣಿಸುತ್ತವೆ. ಬುಡದಲ್ಲಿಯೂ ನಡುನಡುವೆಯೂ ಅವುಗಳನ್ನು ಕಟ್ಟಿಹಾಕಿರುವುದರಿಂದ ಜಾರಿಕೆ ಬಾಗುವಿಕೆಯಾಗಿ ಮಾರ್ಪಡುತ್ತದೆ. ಕಟ್ಟನ್ನು ಕತ್ತರಿಸಿದರೆ ಏನಾದೀತು? 1971ರಲ್ಲಿ ಸಮ್ಮರ್ಸ್ ಮತ್ತು ಗಿಬ್ಬನ್ಸ್ ಸಮುದ್ರದ ಮುಳ್ಳುಗೋಳದ ವೀರ್ಯಾಣುವಿನ ಬಾಲದ ಕಟ್ಟುಗಳನ್ನು ಕಿಣ್ವದಿಂದ ಕರಗಿಸಿ, ಶಕ್ತಿದ್ರವ್ಯವನ್ನು ಎರೆದಾಗ, ನಾಳಿಕೆಗಳು ಬಾಗದೆ ಒಂದರೊಳಗಿಂದೊಂದು ಸರ್ರನೆ ಜಾರಿ ಹೊರಬಂದವು.

ಇಷ್ಟು ಉದ್ದದ, ತನ್ನೊಳಗೆ ಪ್ರೋಟೀನು ತಯಾರಿಸುವ ಒಲೆಯೇ ಇಲ್ಲದ ಈ ಎಳೆಗೆ ಸಾಮಗ್ರಿ ತಲುಪುವುದು ಹೇಗೆ? 1993ರಲ್ಲಿ ಅಮೆರಿಕದ ಕಾಜ್ಮಿನ್‌ಸ್ಕಿ, ರೋಸೆನ್‌ಬಾಮ್ ಮತ್ತು ಅವರ ಸಂಗಡಿಗರು ಕ್ಲಾಮಿಡೊಮೋನಾಸಿನ ಕಶಾಂಗದಲ್ಲಿ, ಪೊರೆಗೂ ನಾಳಿಕೆಗೂ ನಡುವೆ, ಕಣಗಳು ತುದಿಯತ್ತ ಹೋಗಿ ಬುಡದತ್ತ ಬರುತ್ತಲೇ ಇರುವುದನ್ನು ಕಂಡರು. ಸೂಲೂರು, ಸೋಮನೂರುಗಳ ಮಗ್ಗದ ಮನೆಗಳಲ್ಲಿ ಬೆಳೆದವರಿಗೆ ಇದು ತಟ್ಟನೆ ತಿಳಿಯುತ್ತದೆ: ಇದು ಲಾಳಿಯ ಓಟ. ಹೋಗುವಾಗ ಒಂದು ಮೋಟಾರು ಪ್ರೋಟೀನು ಹೊರುತ್ತದೆ, ಬರುವಾಗ ಇನ್ನೊಂದು. ಲಾಳಿ ನಿಂತರೆ ಬಟ್ಟೆ ಬೆಳೆಯದು. ಈ ಸಾಗಾಟ ನಿಂತರೆ ಕಶಾಂಗ ಬೆಳೆಯದು. ಕ್ಲಾಮಿಡೊಮೋನಾಸಿನಲ್ಲಿ ಈ ಸಾಗಾಟಕ್ಕೆ ಅಗತ್ಯವಾದ ಒಂದು ಜೀನು, ಇಲಿಗಳಲ್ಲಿ ಕೆಟ್ಟರೆ ಮೂತ್ರಪಿಂಡದಲ್ಲಿ ನೀರುಗುಳ್ಳೆಗಳನ್ನು ತರುವ ಜೀನೇ ಎಂದು 2000ದಲ್ಲಿ ಗೊತ್ತಾದಾಗ ವೈದ್ಯಲೋಕ ಬೆಚ್ಚಿಬಿದ್ದಿತು. ನಮ್ಮ ದೇಹದ ಬಹುಪಾಲು ಕೋಶಗಳ ಮೈಮೇಲೆ, ಈಜುವುದಕ್ಕೂ ಬೀಸುವುದಕ್ಕೂ ಅಲ್ಲದೆ, ಸುತ್ತಣ ಸುದ್ದಿಯನ್ನು ಆಲಿಸುವುದಕ್ಕಾಗಿಯೇ ಒಂದೊಂದು ನಿಶ್ಚಲ ಲೋಮಾಂಗವಿದೆಯೆಂಬುದು ಆ ಮೇಲೆ ದಿನೇದಿನೇ ಸ್ಪಷ್ಟವಾಯಿತು.

ನಮ್ಮ ಕೆರೆಗಳ ಹಸುರು ಈಜುಗಾರರನ್ನು ಶ್ರದ್ಧೆಯಿಂದ ಅಧ್ಯಯನ ಮಾಡಿದವರಲ್ಲಿ ಮದರಾಸಿನ ಎಂ. ಓ. ಪಿ. ಅಯ್ಯಂಗಾರ್ಯರ ಹೆಸರು ಪ್ರಾತಃಸ್ಮರಣೀಯ. ದಕ್ಷಿಣ ಭಾರತದ ವಾಲ್ವಾಕ್ಸ್ ಬಳಗದ ಬಗ್ಗೆ ಅವರು 1933ರಲ್ಲಿ ಪ್ರಕಟಿಸಿದ ದೀರ್ಘ ಪ್ರಬಂಧ ಇಂದಿಗೂ ಆಧಾರಗ್ರಂಥ. ವಾಲ್ವಾಕ್ಸ್ ಗೋಳದ ಹೊರಮೈಯಲ್ಲಿ ನೂರಾರು, ಕೆಲವು ಜಾತಿಗಳಲ್ಲಿ ಸಾವಿರಾರು ಕೋಶಗಳು. ಒಂದೊಂದಕ್ಕೂ ಎರಡೆರಡು ಕಶಾಂಗ. ಎಲ್ಲವೂ ಒಂದೇ ಕಡೆಗೆ ಬೀಸುವುದರಿಂದ ಗೋಳ ಉರುಳುತ್ತದೆ. ಈ ಕೋಶಗಳು ಸಂತಾನದ ಕೆಲಸವನ್ನು ಒಳಗಿನ ಕೆಲವಕ್ಕೆ ಬಿಟ್ಟುಕೊಟ್ಟು ತಾವು ಬೀಸುತ್ತಲೇ ಸಾಯುತ್ತವೆ.

ಮನುಷ್ಯದೇಹದಲ್ಲಿ ಈ ಬೀಸುವಿಕೆಯ ಬೆಲೆಯನ್ನು ತಿಳಿಯಲು ಹತ್ತಿಯ ಗಿರಣಿಗೆ ಹೋಗಬೇಕು. 1888ರಲ್ಲಿ ಸ್ಟೇನ್ಸ್ ಅವರು ಆರಂಭಿಸಿದ ಗಿರಣಿಯಿಂದ ಮೊದಲ್ಗೊಂಡು ಕೊಯಮತ್ತೂರನ್ನು ಬೆಳೆಸಿದ್ದು ಹತ್ತಿ. ಹತ್ತಿಯೊಡನೆ ಅದರ ಧೂಳೂ ಬಂತು. ಶ್ವಾಸನಾಳದ ಒಂದೊಂದು ಕೋಶದ ಮೇಲೂ ಇನ್ನೂರು ಮುನ್ನೂರು ಲೋಮಾಂಗಗಳು ಸೆಕೆಂಡಿಗೆ 10ರಿಂದ 15 ಬಾರಿ ಬೀಸಿ, ಧೂಳು ಅಂಟಿದ ಲೋಳೆಯನ್ನು ಗಂಟಲಿನ ಕಡೆಗೆ ಸದಾ ತಳ್ಳುತ್ತವೆ. ಧೂಳು ಈ ಕೈಗಳ ಶಕ್ತಿಯನ್ನು ಮೀರಿದಾಗ ಗಿರಣಿಯ ಕೂಲಿಗಾರನಿಗೆ ರಜೆ ಮುಗಿಸಿ ಬಂದ ಸೋಮವಾರದಂದು ಎದೆ ಬಿಗಿಯುತ್ತದೆ. ವರ್ಷಗಳು ಉರುಳಿದಂತೆ ಬಿಗಿತ ವಾರವಿಡೀ ನಿಲ್ಲುತ್ತದೆ. ನಮ್ಮ ಓಣಿಯಲ್ಲಿ ಅಂತಹ ಕೆಮ್ಮನ್ನು ಕೇಳುತ್ತ ಬೆಳೆದವನು ನಾನು. ಹುಟ್ಟಿನಿಂದಲೇ ಲೋಮಾಂಗದ ಡೈನೀನ್ ತೋಳುಗಳಿಲ್ಲದ ಜನರೂ ಇದ್ದಾರೆ. ಅವರಿಗೆ ಮರಳಿಮರಳಿ ಎದೆಯ ಸೋಂಕು, ಗಂಡಸರಿಗೆ ಬಂಜೆತನ. ಅರ್ಧದಷ್ಟು ಮಂದಿಗೆ ಹೃದಯ ಬಲಗಡೆ. ಸ್ವೀಡನ್ನಿನ ಆಫ್ಜೆಲಿಯಸ್ 1976ರಲ್ಲಿ ಇವೆಲ್ಲಕ್ಕೂ ಮೂಲ ಒಂದೇ ಎಂದು ತೋರಿಸಿದನು. ಹೃದಯಕ್ಕೂ ಲೋಮಾಂಗಕ್ಕೂ ಏನು ಸಂಬಂಧವೆಂದರೆ, ಭ್ರೂಣದ ಒಂದು ಪುಟ್ಟ ಹಳ್ಳದಲ್ಲಿ ಲೋಮಾಂಗಗಳು ಸುತ್ತಿ ದ್ರವವನ್ನು ಎಡಕ್ಕೆ ಹರಿಸುವುದರಿಂದಲೇ ದೇಹಕ್ಕೆ ಎಡಬಲಗಳು ಗೊತ್ತಾಗುತ್ತವೆ. ಹರಿವಿಲ್ಲದಿದ್ದರೆ ಎಡವೋ ಬಲವೋ ಎಂಬುದು ಕಾಕತಾಳೀಯ.

ನಮ್ಮ ಶ್ವಾಸನಾಳದ ಲೋಮಾಂಗಗಳು ಸದಾ ಬೀಸುತ್ತಿದ್ದರೆ, ಮಲೇರಿಯ ಪರಾವಲಂಬಿಯ ಬಾಳಿನಲ್ಲಿ ಕಶಾಂಗ ಕಾಣಿಸಿಕೊಳ್ಳುವುದು ಕೆಲವೇ ನಿಮಿಷಗಳ ಕಾಲ. ರಕ್ತ ಸೊಳ್ಳೆಯ ಹೊಟ್ಟೆ ಸೇರಿ ತಂಪಾದ ಹದಿನೈದು ನಿಮಿಷಗಳೊಳಗೆ ಗಂಡುಕೋಶ ಸಿಡಿದು ಎಂಟು ಚಾವಟಿಗಳು ಹೊರಬರುತ್ತವೆ. 1880ರ ನವೆಂಬರ್ 6ರಂದು ಆಲ್ಜೀರಿಯದಲ್ಲಿ ಲಾವೆರಾನ್ ಈ ಚಾವಟಿಗಳ ಕುಣಿತವನ್ನು ಕಂಡೇ ರಕ್ತದಲ್ಲಿರುವುದು ಜೀವಿಯೆಂದು ನಂಬಿದನು; ಅವು ಗಂಡುಬೀಜಗಳೆಂದು 1897ರಲ್ಲಿ ಮ್ಯಾಕಲಮ್ ತೋರಿಸಿದನು. ಅದೇ ವರ್ಷ ರೊನಾಲ್ಡ್ ರಾಸ್, ನೀಲಗಿರಿಯಿಂದ ಮೈಸೂರಿನ ಕಡೆಗೆ ಇಳಿಯುವ ಸೀಗೂರು ಘಾಟಿಯಲ್ಲಿ ಮಲೇರಿಯವನ್ನು ಅರಸಿ ಹೋಗಿ ತಾನೇ ಜ್ವರದಿಂದ ಮಲಗಿ, ಕೆಲವು ತಿಂಗಳ ಮೇಲೆ ಸಿಕಂದರಾಬಾದಿನಲ್ಲಿ ಸೊಳ್ಳೆಯ ಹೊಟ್ಟೆಯೊಳಗಿನ ಗುಟ್ಟನ್ನು ಬಿಡಿಸಿದನು.

ಸಸ್ಯಲೋಕದಲ್ಲಿ ಕಶಾಂಗದ ಕಥೆ ತ್ಯಾಗದ ಕಥೆ. ವಾಲ್ಪಾರೆಯ ಚಹಾತೋಟಗಳ ಅಂಚಿನ ತೇವದ ಬಂಡೆಗಳ ಮೇಲಣ ಹಾವಸೆಗೂ ಜರಿಗಿಡಗಳಿಗೂ ಗಂಡುಕೋಶ ಈಜಿಯೇ ಹೆಣ್ಣನ್ನು ಸೇರಬೇಕು; ಮಳೆಯ ಒಂದು ಪದರ ನೀರಿಲ್ಲದೆ ಅವಕ್ಕೆ ಸಂತಾನವಿಲ್ಲ. ಪಶ್ಚಿಮಘಟ್ಟದ ಕಾಡುಗಳ ಸೈಕಾಸ್ ಗಿಡದಲ್ಲಿ, ಪರಾಗ ಗಾಳಿಯಲ್ಲಿಯೋ ಕೀಟದ ಮೇಲೆಯೋ ಬಂದರೂ, ಕೊನೆಯ ತುಸು ದಾರಿಯನ್ನು ಈಜಿಯೇ ದಾಟುವ ಗಂಡುಕೋಶವಿದೆ. ಈ ಬಳಗದ ಗಂಡುಕೋಶಗಳ ಮೇಲೆ ಸುರುಳಿಯಾಗಿ ಸಾವಿರಾರು ಕಶಾಂಗಗಳಿರುತ್ತವೆ. ಜಪಾನಿನ ಇಕೆನೊ ಇದನ್ನು 1896ರಲ್ಲಿ ಕಂಡನು. ಹೂಬಿಡುವ ಗಿಡಗಳು ಇದನ್ನೂ ಬಿಟ್ಟುಕೊಟ್ಟವು. 1912ರಲ್ಲಿ ಕೊಯಮತ್ತೂರಿನಲ್ಲಿ ಸ್ಥಾಪಿತವಾದ ಕಬ್ಬಿನ ತಳಿ ಕೇಂದ್ರದಲ್ಲಿ ಬಾರ್ಬರ್ ಮತ್ತು ಟಿ. ಎಸ್. ವೆಂಕಟರಾಮನ್ ಅವರು ಕಬ್ಬಿನ ಸೂಲಂಗಿಗೆ ಕಾಡುಕಬ್ಬಿನ ಪರಾಗವನ್ನು ಉದುರಿಸಿ 'ಕೋ 205' ಮೊದಲಾದ ತಳಿಗಳನ್ನು ಪಡೆದಾಗ, 1930ರ ದಶಕದಲ್ಲಿ ಜಾನಕಿ ಅಮ್ಮಾಳ್ ಅವರು ಅಲ್ಲಿಯೇ ಕಬ್ಬಿನ ವರ್ಣತಂತುಗಳನ್ನು ಎಣಿಸಿದಾಗ, ಅವರ ಕೈಯಲ್ಲಿದ್ದ ಗಂಡುಕೋಶಗಳಿಗೆ ಕಶಾಂಗದ ಬುಡವೂ ಉಳಿದಿರಲಿಲ್ಲ. ಪರಾಗನಾಳವೇ ಅವನ್ನು ಹೊತ್ತೊಯ್ಯುತ್ತದೆ.

ಮೂರನೆಯ ಯಂತ್ರದ ವಿಷಯ ಸಂಕ್ಷೇಪವಾಗಿ ಹೇಳಿದರೆ ಸಾಕು. ಉಪ್ಪಿನ ಮಡಿಗಳಲ್ಲಿಯೂ ಜೌಗಿನ ಕೆಸರಿನಲ್ಲಿಯೂ ಇರುವ ಆರ್ಕಿಯ ಎಂಬ ಸೂಕ್ಷ್ಮಜೀವಿಗಳಿಗೆ ತಿರುಗುವ ತಂತುಗಳಿವೆ, ನೋಟಕ್ಕೆ ಬ್ಯಾಕ್ಟೀರಿಯದವೇ. ಆದರೆ ಅವು ಬುಡದಿಂದ ಬೆಳೆಯುತ್ತವೆ, ನಡುವೆ ರಂಧ್ರವಿಲ್ಲ, ಪ್ರೋಟಾನಿನ ಬದಲು ಏಟಿಪಿ ಎಂಬ ಶಕ್ತಿದ್ರವ್ಯದಿಂದ ತಿರುಗುತ್ತವೆ. ಇವಕ್ಕೆ ಬೇರೆ ಹೆಸರೇ ಬೇಕೆಂದು 2012ರಲ್ಲಿ ಇಬ್ಬರು ವಿಜ್ಞಾನಿಗಳು ಸೂಚಿಸಿದರು. ನಮ್ಮ ಕೋಶಗಳ ಕಶಾಂಗ ಒಂದಾನೊಂದು ಕಾಲದಲ್ಲಿ ಕೋಶಕ್ಕೆ ಅಂಟಿಕೊಂಡ ಸುರುಳಿ ಬ್ಯಾಕ್ಟೀರಿಯದಿಂದ ಬಂದಿತೆಂದು ಲಿನ್ ಮಾರ್ಗುಲಿಸ್ ವಾದಿಸಿದ್ದರು; ಅದಕ್ಕೆ ಸಾಕ್ಷ್ಯ ಒದಗಿಬರಲಿಲ್ಲ, ಆದರೆ ಬ್ಯಾಕ್ಟೀರಿಯದ ಎಳೆಯನ್ನೂ ನಮ್ಮ ಕೋಶಗಳ ಎಳೆಯನ್ನೂ ಒಂದೇ ಹೆಸರಿನಿಂದ ಕರೆಯಬಾರದೆಂಬ ಅವರ ಹಟ ನ್ಯಾಯವಾದದ್ದು. ಕನ್ನಡದಲ್ಲಿ ನಾವು ಬಾಗುವ ಎಳೆಗೆ ಕಶಾಂಗವನ್ನೇ ಉಳಿಸಿಕೊಂಡು, ತಿರುಗುವ ಎಳೆಗೆ ಭ್ರಮಣಾಂಗವೆಂದು ಹೇಳಿದರೆ ಮಕ್ಕಳಿಗೆ ಅರ್ಧ ಪಾಠ ಹೆಸರಿನಲ್ಲಿಯೇ ಆಗಿಹೋಗುತ್ತದೆ.

ಹೆಸರು ಏನೇ ಇರಲಿ, ಎಳೆ ಬೆಳೆಯುವುದನ್ನು ಕಣ್ಣಾರೆ ನೋಡಬಹುದು. ಕ್ಲಾಮಿಡೊಮೋನಾಸ್ ತುಂಬಿದ ನೀರಿಗೆ ಲೆಕ್ಕವಾಗಿ ಸ್ವಲ್ಪ ವಿನಿಗರ್ ಆಮ್ಲವನ್ನು ಹನಿಸಿ, ಅರೆಗಳಿಗೆಯಲ್ಲಿ ಕ್ಷಾರದಿಂದ ಅದನ್ನು ಶಮನಗೊಳಿಸಿದರೆ, ಕೋಶಗಳೆಲ್ಲ ತಮ್ಮ ಕಶಾಂಗಗಳನ್ನು ಬುಡದಲ್ಲಿ ಕತ್ತರಿಸಿ ಉದುರಿಸಿಬಿಡುತ್ತವೆ. ಹನಿಯಲ್ಲಿ ಸಂಚಾರವೆಲ್ಲ ನಿಂತು, ಹಸುರು ಗುಂಡುಗಳು ತಳಕ್ಕೆ ಇಳಿಯುತ್ತವೆ. ಕಾದುಕುಳಿತರೆ ಮೊದಲ ಅರ್ಧ ಗಂಟೆಯಲ್ಲಿಯೇ ಎರಡು ಮೊಳಕೆಗಳು ಕಾಣುತ್ತವೆ, ಒಂದೂವರೆ ಗಂಟೆಯ ಹೊತ್ತಿಗೆ ಎಳೆಗಳು ಬಹುಮಟ್ಟಿಗೆ ಮೊದಲಿನ ಉದ್ದಕ್ಕೆ ಬಂದಿರುತ್ತವೆ. ಎರಡರಲ್ಲಿ ಒಂದೇ ಒಂದು ತುಂಡಾದ ಕೋಶವೊಂದು ಸಿಕ್ಕಿದರೆ ಅದನ್ನು ಬಿಡದೆ ನೋಡಬೇಕು: ಉಳಿದ ಎಳೆ ತಾನು ಕುಗ್ಗತೊಡಗುತ್ತದೆ, ಹೊಸ ಎಳೆ ಬೆಳೆಯತೊಡಗುತ್ತದೆ, ಎರಡೂ ಸಮನಾದ ಕ್ಷಣದಿಂದ ಎರಡೂ ಜತೆಯಾಗಿ ಉದ್ದವಾಗುತ್ತವೆ, ಮತ್ತು ಆ ಕೋಶ ಕಿಟಕಿಯ ಕಡೆಗೆ ಈಜಿಹೋಗುತ್ತದೆ.